ತವರಿಗೆ ಬಂದ ಹೊಳೆವ್ವ

ನಿಮ್ಮಜ್ಜನ ಅಜ್ಜ ಇನ್ನೂ ತೊಟ್ಟಿಲಿಗೇ ಬಂದಿರದ ಕಾಲದಲ್ಲಿ, ಹೊಳೆ ಕೊಂಕಿ ತಿರುಗೋ ಜಾಗದಲ್ಲಿ ಒಂದು ಊರಿತ್ತಂತೆ, ಕೂಸೇ. ಆ ಊರಲ್ಲಿ ಹೊಳೆಗೆ ಎಲ್ಲರಿಗಿಂತ ಹತ್ತಿರ ಇದ್ದದ್ದು ಫಕೀರವ್ವ ಅನ್ನೋಳ ಮಣ್ಣಿನ ಮನೆ. ಅವಳಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು. ಹೆಣ್ಣುಮಗಳು ಮಾತ್ರ ಒಬ್ಬಳೂ ಇಲ್ಲ. ಅದಕ್ಕೇ ಅವಳು ಹೊಳೆಯನ್ನೇ ಮಗಳು ಅಂತ ಕರೀತಿದ್ದಳಂತೆ.

ಮಳೆಗಾಲದಲ್ಲಿ ಹೊಳೆ ಉಕ್ಕಿತು ಅಂದರೆ ಊರವರೆಲ್ಲ ಗಂಟುಮೂಟೆ ಹೊತ್ತು ದಿಬ್ಬ ಹತ್ತೋರು. ಫಕೀರವ್ವ ಮಾತ್ರ ಇಳಕಲ್ ಸೀರೆ ಉಟ್ಟು, ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಕುಬಸದ ಖಣ ಇಟ್ಟುಕೊಂಡು ಹೊಸ್ತಿಲಲ್ಲಿ ನಿಲ್ಲೋಳು. ನೀರು ಬಾಗಿಲಿಗೆ ಬಂದಾಗ, ಬಾ ನನ್ನ ಮಗಳ ಅಂತ ಮೊರದಲ್ಲಿದ್ದದ್ದನ್ನೆಲ್ಲ ನೀರಿಗೆ ಬಿಟ್ಟು ಉಡಿ ತುಂಬೋಳು. ನೀರು ಹೊಸ್ತಿಲು ಮುಟ್ಟಿ ಹಿಂದಕ್ಕೆ ಸರಿಯೋದು. ಅವಳ ಅತ್ತೆಯೂ ಹಾಗೇ ಮಾಡಿದ್ದಳಂತೆ, ಅತ್ತೆಯ ಅತ್ತೆಯೂ ಹಾಗೇ. ಉಡಿ ತುಂಬೋ ತನಕ ಆ ಮನೆಯವರು ಜಾಗ ಬಿಟ್ಟು ಕದಲೋ ಹಾಗಿಲ್ಲ.

ಇಂಥ ಮನೆಗೆ ಕಿರೀಸೊಸೆಯಾಗಿ ಬಂದವಳು ಸೋಮವ್ವ. ಅವಳ ತವರು ಬಯಲೂರು. ಅಲ್ಲಿ ಕೊಡ ನೀರು ಬೇಕಂದರೂ ಮೈಲಿಗಟ್ಟಲೆ ನಡೀಬೇಕು. ಅಷ್ಟೊಂದು ನೀರನ್ನು ಒಟ್ಟಿಗೆ ಅವಳು ಕಂಡೇ ಇರಲಿಲ್ಲ. ಹೊಳೆಯ ಸದ್ದು ಕೇಳಿದರೇ ಅವಳಿಗೆ ಅಂಗೈ ಬೆವರೋದಂತೆ. ಹೇಳಿಕೊಳ್ಳೋಕೆ ನಾಚಿಕೆ ಬೇರೆ.

ಬಂದ ವರ್ಷವೇ ಹೊಳೆ ಅಂಗಳಕ್ಕೆ ಬಂತು. ಎಲ್ಲರೂ ಮಾಳಿಗೆ ಏರಿ ಕೂತರು. ನೀರೇನೋ ಇಳಿಯಿತು, ಆದರೆ ಮಾಳಿಗೆ ಸೋರಿ ಕಡ್ಡಿಪೆಟ್ಟಿಗೆ ನೆನೆದು ಒಲೆ ಹತ್ತಲೇ ಇಲ್ಲ, ದೊಡ್ಡಸೊಸೆಯ ಮಗು ದಿನವಿಡೀ ಹಸಿದು ಅತ್ತಿತಂತೆ. ಆಮೇಲೆ ಸೋಮವ್ವ ಏನು ಮಾಡಿದಳು, ಬಿಸಿಲು ಬಿದ್ದ ಕೂಡಲೇ ಕುಳಿತು ಜೋಳದ ರೊಟ್ಟಿ ಬಡಿದು ಕಟಿಕಟಿ ಒಣಗಿಸಿ ಗಡಿಗೆ ತುಂಬಿದಳು, ಕಡ್ಡಿಪೆಟ್ಟಿಗೆಯನ್ನ ಹಿತ್ತಾಳೆ ಡಬ್ಬಿಗೆ ಹಾಕಿ ಮುಚ್ಚಿ ಎತ್ತರದ ಗೂಟಕ್ಕೆ ನೇತುಹಾಕಿದಳು. ದೊಡ್ಡಸೊಸೆ ನಕ್ಕಳಂತೆ, ಏನ ತಂಗಿ, ಯಾರ ಲಗ್ನಕ್ಕ ಬುತ್ತಿ ಕಟ್ಟಾಕತ್ತಿ?

ಮುಂದಿನ ವರ್ಷ ನೀರು ದನದ ಕೊಟ್ಟಿಗೆಗೇ ನುಗ್ಗಿತು. ಕರುವಿನ ಹಗ್ಗ ನೆನೆದು ಗಂಟು ಬಿಗಿದುಬಿಟ್ಟಿತ್ತು. ಕರುವಿನ ಮೂಗಿನ ತನಕ ನೀರು ಬಂದಾಗ ಸೋಮವ್ವನ ಗಂಡ ಯಮನಪ್ಪ ಕುಡಗೋಲಿನಿಂದ ಕೊಯ್ಯೋಕೆ ಹೋಗಿ ತನ್ನ ಅಂಗೈಯನ್ನೇ ಕೊಯ್ದುಕೊಂಡ, ಕರು ಹೇಗೋ ಬದುಕಿತು. ಆಮೇಲೆ ಸೋಮವ್ವ ಎಲ್ಲ ದನಕ್ಕೂ ಜಗ್ಗಿದರೆ ಬಿಚ್ಚೋ ಜೀರುಗಂಟು ಹಾಕಿದಳು. ಹೊಳೆ ದಂಡೆಯಲ್ಲಿ ಒಂದು ಕಲ್ಲಬಸವಣ್ಣ ಇದ್ದ. ನೀರು ಅವನ ಕಾಲು ಮುಟ್ಟಿದರೆ ಗಂಟುಮೂಟೆ ಕಟ್ಟೋದು, ಹೊಟ್ಟೆ ಮುಟ್ಟಿದರೆ ದಿಬ್ಬ ಹತ್ತೋದು, ಮಗು ದೊಡ್ಡಕ್ಕನ ಸೊಂಟಕ್ಕೆ, ಬೀಜದ ಸೋರೆಬುರುಡೆ ನಡುವಿನಕ್ಕನ ಕೈಗೆ, ದನ ಗಂಡಸರಿಗೆ ಅಂತ ಎಲ್ಲರಿಗೂ ಬಾಯಿಪಾಠ ಮಾಡಿಸಿದಳಂತೆ.

ಫಕೀರವ್ವನಿಗೆ ಸಿಟ್ಟೇ ಬಂತು. ಮಗಳು ಬರ್ತಾಳಂದ್ರ ತವರಮನಿಯವರು ಓಡಿಹೊಕ್ಕಾರೇನ? ನಿಮ್ಮ ಬಯಲೂರಾಗ ಹಂಗ ಮಾಡ್ತಾರೇನೋ ನನಗ ಗೊತ್ತಿಲ್ಲವ್ವಾ.

ಸೋಮವ್ವ ತಲೆ ತಗ್ಗಿಸಿ ರೊಟ್ಟಿ ಬಡಿದಳು.

ಮೂರನೇ ವರ್ಷ, ಕೂಸೇ, ಆಕಾಶದಲ್ಲಿ ಒಂದು ಮೋಡ ಇಲ್ಲ. ಹಪ್ಪಳ ಒಣಗಿಸೋಂಥ ಬಿಸಿಲು. ಮೇಲಿನ ಸೀಮೆಯಲ್ಲೆಲ್ಲೋ ಮಳೆ ಹೊಡೆದಿತ್ತಂತೆ, ಇಲ್ಲಿ ಯಾರಿಗೆ ಗೊತ್ತು? ಸೋಮವ್ವ ಬಟ್ಟೆ ಒಗೆಯೋಕೆ ಹೋದಾಗ ನೀರು ಕೆಂಪಗಿತ್ತು, ಬೇರುಸಮೇತ ಒಂದು ಜಾಲಿಮರ ತೇಲಿಬಂತು, ಅದರ ಹಿಂದೆ ಯಾರದೋ ಗುಡಿಸಲಿನ ಸೂರು. ಬಸವಣ್ಣನ ಕಾಲು ಆಗಲೇ ಕಾಣಿಸಲಿಲ್ಲ. ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಕೂಗುತ್ತ ಓಡಿದಳು. ಗಂಟುಮೂಟೆ ಕಟ್ಟಿ ಮುಗಿಯೋದರೊಳಗೆ ನೀರು ಬಸವಣ್ಣನ ಹೊಟ್ಟೆಗೆ ಬಂದಿತ್ತು. ಅವತ್ತು ಯಾರೂ ನಗಲಿಲ್ಲ. ಹಗ್ಗ ಜಗ್ಗಿದರು, ದನ ಬಿಡಿಸಿದರು, ಮಗು, ಬೀಜ, ರೊಟ್ಟಿ ಗಡಿಗೆ ಎಲ್ಲ ದಿಬ್ಬದ ದಾರಿ ಹಿಡಿದವು.

ಫಕೀರವ್ವ ಒಬ್ಬಳೇ ಮೊರ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

ಮಕ್ಕಳು ಕೈ ಹಿಡಿದು ಎಳೆದರು. ಅವಳು ಬಾಗಿಲ ಚೌಕಟ್ಟು ತಬ್ಬಿಕೊಂಡಳು. ಯವ್ವಾ, ಹುಚ್ಚುಹುಚ್ಚಾಗಿ ಮಾಡಬ್ಯಾಡ ಅಂತ ದೊಡ್ಡವನು ಅತ್ತೇಬಿಟ್ಟ. ನಾ ಸತ್ರೂ ಉಡಿ ತುಂಬೇ ಸಾಯ್ತೀನಿ, ನೀವು ನಡೀರಿ ಅಂದಳಂತೆ ಅವಳು.

ಸೋಮವ್ವ ಅರ್ಧ ದಾರಿಯಿಂದ ತಿರುಗಿ ಬಂದಳು. ಅಂಗಳದಲ್ಲಿ ಮೊಣಕಾಲ ತನಕ ನೀರು, ಹೊಸ್ತಿಲು ಮುಟ್ಟೋಕೆ ಇನ್ನೊಂದು ಗೇಣು. ಗೋಡೆಯ ಬುಡ ಬೆಲ್ಲದ ಹಾಗೆ ಕರಗುತ್ತಿತ್ತು. ಈ ಮುದುಕಿ ತನ್ನನ್ನ ಎಷ್ಟು ಬೈದರೂ, ಜ್ವರ ಬಂದಾಗ ತಲೆಗೆ ಎಣ್ಣೆ ತಟ್ಟಿದವಳು ಅವಳೇ ಅಲ್ಲವಾ. ಎಳೆದರೆ ಬರೋಳಲ್ಲ ಅಂತ ಸೋಮವ್ವನಿಗೆ ಗೊತ್ತಿತ್ತು. ಹತ್ತಿರ ಹೋಗಿ ಮೆಲ್ಲಗೆ ಕೇಳಿದಳಂತೆ, ಅತ್ತಿ, ಮಗಳಿಗಿ ಉಡಿ ತುಂಬೂದು ಬಂದಾಗೋ, ಹೊಂಟಾಗೋ?

ಹೊಂಟಾಗ. ಅದೆಂಥಾ ಕೇಳೂ ಮಾತ?

ಮತ್ತ ಬಂದ ಕೂಡ್ಲೆ ಉಡಿ ತುಂಬಿದ್ರ, ನಡಿ ನಿನ್ನ ದಾರಿ ಹಿಡಿ ಅಂದಂಗ ಆಗೂದಿಲ್ಲೇನ್ರಿ? ನಮ್ಮವ್ವ ನನಗ ಹಂಗ ಮಾಡಿದ್ರ ನಾ ಅತ್ತು ಸಾಯ್ತಿದ್ದೆ. ಮನಿ ಬಿಟ್ಟುಕೊಡ್ರಿ, ನಾಕು ದಿನ ಇರ್ಲಿ. ಹೋಗೂ ಮುಂದ ಬಂದು ತುಂಬೂಣು.

ಫಕೀರವ್ವನ ಕೈ ಸಡಿಲವಾಯಿತು. ನೀರನ್ನ ನೋಡಿದಳು, ಸೊಸೆಯನ್ನ ನೋಡಿದಳು. ಅಯ್ಯ ಶಿವನ, ಇಷ್ಟು ವರ್ಷ ನನ್ನ ಮಗಳನ್ನ ಬಾಗಲದಾಗ ನಿಲ್ಲಿಸೇ ಕಳಿಸೇನಲ್ಲೇ! ಅಂತ ಹಣೆ ಹಣೆ ಬಡಿದುಕೊಂಡಳು. ಆಮೇಲೆ ಎರಡೂ ಕದ ಅಗಲ ತೆರೆದು, ಒಳಗ ಬಾರವ್ವಾ, ಕುಂದ್ರು, ನಾವು ಸ್ವಲ್ಪ ಹೊರಗ ಹೋಗಿಬರ್ತೀವಿ ಅಂತ ಹೊಳೆಗೆ ಹೇಳಿ, ಸೀರೆ ಎತ್ತಿಕಟ್ಟಿ, ಸೊಸೆಯ ಹೆಗಲು ಹಿಡಿದು ಹೊರಟಳಂತೆ. ಅವರು ದಿಬ್ಬದ ಬುಡ ಮುಟ್ಟೋದರೊಳಗೆ ಹಿಂದೆ ಧಪ್ ಅಂತ ಸದ್ದು ಕೇಳಿಸಿತು. ಗೋಡೆ ಬಿದ್ದಿತ್ತು, ಚೌಕಟ್ಟಿನ ಸಮೇತ.

ಅಜ್ಜಿ, ಕರು ಏನಾಯ್ತು ಅಂತೀಯಾ, ಕೂಸೇ? ಕರು ದಿಬ್ಬದ ಮೇಲೆ ಹುಲ್ಲು ತಿನ್ನುತ್ತಿತ್ತು, ನೀನು ಕಣ್ಣು ಮುಚ್ಚು.

ಹೊಳೆ ಇಳಿಯೋ ತನಕ ಎಲ್ಲರೂ ಆ ಕಟಿರೊಟ್ಟಿಯನ್ನ ಶೇಂಗಾ ಚಟ್ನಿ ಜೊತೆ ಕಡಿದು ಜೀವ ಹಿಡಿದರಂತೆ. ನೀರು ತಿರುಗಿ ಹೊರಟ ದಿನ ಫಕೀರವ್ವ ಕೆಸರಿನಲ್ಲಿ ನಿಂತು ಉಡಿ ತುಂಬಿದಳು. ಮುಂದಿನ ಸಲ ಇಷ್ಟು ಅವಸರ ಮಾಡಬ್ಯಾಡ, ಹೇಳಿಕಳಿಸಿ ಬಾ ಅಂತ ಬೈದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊಸ ಮನೆಯನ್ನ ದಿಬ್ಬದ ಹೆಗಲ ಮೇಲೆ ಕಟ್ಟಿದರಂತೆ. ಮಾರನೇ ವರ್ಷ ನೀರಿಗೆ ಕೆಂಪು ತಿರುಗಿದ್ದೇ ತಡ, ಬಸವಣ್ಣನ ಕಾಲು ಇನ್ನೂ ಒಣಗಿರುವಾಗಲೇ, ಫಕೀರವ್ವ ಅಂಗಳದ ತುದಿಗೆ ಬಂದು ಊರಿಗೇ ಕೇಳೋ ಹಾಗೆ ಕೂಗಿದಳಂತೆ. ಏಳ್ರೇ, ನನ್ನ ಮಗಳು ಬರಾಕತ್ತಾಳ! ಆಕಿಗಿ ಜಾಗ ಬಿಡ್ರಿ, ರೊಟ್ಟಿ ನಮ್ಮಲ್ಲಿ ಐತಿ!

ಹೊಳೆ ಹೊಳೆಯ ಹಾದಿ ಹಿಡೀತು, ಅತ್ತೆ ಸೊಸೆ ಒಂದೇ ಕೌದಿ ಹೊದ್ದು ಮಲಗಿದರು, ಹೇಳೋ ನನಗೂ ಕೇಳೋ ನಿನಗೂ ಕತೆ ಇಲ್ಲಿಗೆ ಸಾಕಾಯ್ತು.