ಮೇಲಿನ ಚಕ್ರ

"ಮಾಸ್ತರೇ, ಜೊತೆಯವರು ಬೆನ್ನ ಹಿಂದೆ ಏನೋ ಮಾಡ್ತಿದ್ದಾರೆ ಅಂತ ಅನುಮಾನ ಬಂದರೆ ನೇರವಾಗಿ ಕೇಳಬೇಕೋ, ಸುಮ್ಮನಿದ್ದು ಅವರು ಸಿಕ್ಕಿಬೀಳೋ ತನಕ ಕಾಯಬೇಕೋ?"

ಕೇಳಿದವಳು ಸುಚೇತಾ. ವರದರಾಜ ಮಾಸ್ತರ ಬಳಿ ಐದು ವರ್ಷದಿಂದ ಟೇಬಲ್ ಟೆನಿಸ್ ಕಲಿಯುತ್ತಿದ್ದಳು. ಅನುಮಾನ ಯಾರ ಮೇಲೆ ಎಂದು ಅವಳು ಹೇಳಲಿಲ್ಲ, ಮಾಸ್ತರರೂ ಕೆದಕಲಿಲ್ಲ. "ಒಬ್ಬ ಆಟಗಾರನ ಕತೆ ಇದೆ, ಕೇಳು. ನಿನ್ನ ಕತೆಯಲ್ಲ, ಮುಖ ಸಣ್ಣ ಮಾಡ್ಕೋಬೇಡ" ಎಂದು ಬೆಂಚಿನ ಮೇಲೆ ಕುಳಿತು ಹೇಳತೊಡಗಿದರು.

ಒಂದು ಊರಿನ ಕ್ಲಬ್ಬಿನಲ್ಲಿ ಚೆಂಡೆಸೆಯುವ ಯಂತ್ರವಿತ್ತು. ಎಲ್ಲರೂ ಅದನ್ನು ರೋಬೋ ಎನ್ನುತ್ತಿದ್ದರು. ಅದರ ಬಾಯೊಳಗೆ ಮೇಲೊಂದು, ಕೆಳಗೊಂದು ರಬ್ಬರಿನ ಚಕ್ರ. ಎರಡೂ ಗಿರಗಿರನೆ ತಿರುಗುತ್ತ ಚೆಂಡನ್ನು ನಡುವೆ ಹಿಡಿದು ಆಚೆಗೆ ಎಸೆಯುತ್ತವೆ. ಚಕ್ರಗಳ ಹಿಡಿತ ತಪ್ಪಿದರೆ ಚೆಂಡಿನ ಓಟವೂ ತಪ್ಪುತ್ತದೆ, ಸ್ಪಿನ್ ಅನ್ನುವ ತಿರುಗೂ ತಪ್ಪುತ್ತದೆ.

ಆ ಯಂತ್ರದ ಎದುರು ಬೆಳಿಗ್ಗೆ ಒಬ್ಬ ಅಭ್ಯಾಸ ಮಾಡುತ್ತಿದ್ದ, ಸಂಜೆ ಇನ್ನೊಬ್ಬ. ಜಿಲ್ಲಾ ತಂಡದಲ್ಲಿ ಒಂದೇ ಜಾಗ ಖಾಲಿಯಿತ್ತು, ಆಯ್ಕೆಗೆ ಇಪ್ಪತ್ತೇ ದಿನ ಉಳಿದಿತ್ತು. ಬೆಳಗಿನವನಿಗೆ ಅದು ಎರಡು ಸಲ ಕೂದಲೆಳೆಯಲ್ಲಿ ತಪ್ಪಿತ್ತು. ಮುಂದಿನ ವರ್ಷ ಅವನ ವಯಸ್ಸು ಮಿತಿ ದಾಟುತ್ತಿತ್ತು. ಈ ಸಲ ತಪ್ಪಿದರೆ ಜೀವಮಾನಕ್ಕೆ ತಪ್ಪಿದಂತೆ.

ಅವನು ಒಳ್ಳೆಯ ಆಟಗಾರ. ಆದರೆ ತನ್ನ ನೆರಳನ್ನೂ ನಂಬುವವನಲ್ಲ. ಹೊಸ ಚೆಂಡುಗಳ ಮೇಲೆ ಬಿಳಿ ಪುಡಿ ಇರುತ್ತದೆ. ಕ್ಲಬ್ಬಿನ ಕೆಲಸದಾಕೆ ಅವನ್ನು ಬಕೆಟ್ಟಿನ ನೀರಿನಲ್ಲಿ ತೊಳೆದು, ಟವೆಲ್ಲಿನ ಮೇಲೆ ಹರಡಿ ಒಣಗಿಸಿದ ಮೇಲೆಯೇ ಯಂತ್ರಕ್ಕೆ ಹಾಕುವುದು ಅಲ್ಲಿಯ ಪದ್ಧತಿ. ಇವನಿಗೆ ಆಕೆಯ ಮೇಲೂ ಅನುಮಾನ. ಒಳ್ಳೆಯ ಚೆಂಡು ಬಕೆಟ್ಟಿಗೆ ಹೋದರೆ ಬಿರುಕು ಬಿಟ್ಟ ಚೆಂಡು ವಾಪಸು ಬರುತ್ತದೆ ಎಂದುಕೊಂಡ. ಆದ್ದರಿಂದ ತಾನೇ ಚೆಂಡು ಕೊಂಡು ತಂದ. ಅವನ್ನು ಚೀಲದಲ್ಲಿಟ್ಟು ಬೀಗ ಹಾಕಿದ. ಎರಡು ದಿನಕ್ಕೊಮ್ಮೆ ಹೊಸ ಡಬ್ಬಿ ಒಡೆದು, ತೊಳೆಯದೆ, ನೇರವಾಗಿ ಯಂತ್ರಕ್ಕೆ ಸುರಿದ.

ನಾಲ್ಕನೆಯ ದಿನ ಯಂತ್ರ ಕೈಕೊಟ್ಟಿತು. ಚೆಂಡುಗಳು ಬಲೆಯ ಹತ್ತಿರವೇ ಪುಸಕ್ಕನೆ ಬೀಳತೊಡಗಿದವು. ಮುಚ್ಚಳ ತೆಗೆದು ನೋಡಿದರೆ ಮೇಲಿನ ಚಕ್ರ ನುಣ್ಣಗೆ ಹೊಳೆಯುತ್ತಿತ್ತು. ಯಾರೋ ಏನೋ ಸವರಿದ್ದಾರೆ ಎಂದುಕೊಂಡ. ಯಾರೋ ಎಂದರೆ ಯಾರು? ಯಂತ್ರ ಬಳಸುವವರು ಇಬ್ಬರೇ. ಅವನು ಮನೆಯಿಂದ ಉಪ್ಪುಕಾಗದ ತಂದು ಆ ಚಕ್ರವನ್ನು ಉಜ್ಜಿದ. ಕೆಳಗಿನದಕ್ಕೆ ಕೈ ಎಟುಕಲಿಲ್ಲ, ಅದನ್ನು ಬಿಟ್ಟ. ಚೆಂಡು ಮತ್ತೆ ರಭಸದಿಂದ ಬಂತು. ಆದರೆ ಅಭ್ಯಾಸ ಮುಗಿಯುವಷ್ಟರಲ್ಲಿ ಅದೇ ಹಾಡು.

ಆ ದಿನ ಅವನು ಮುಚ್ಚಳದ ಸ್ಕ್ರೂವಿನ ಮೇಲೆ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆದು ಹೋದ. ಮರುದಿನ ಬೆಳಿಗ್ಗೆ ಗೆರೆ ಓರೆಯಾಗಿತ್ತು. ಅಂದು ಸಂಜೆ ಕಿಟಕಿಯ ಪಕ್ಕ ನಿಂತು ಇಣುಕಿದ. ಸಂಜೆಯವನು ಮುಚ್ಚಳ ತೆಗೆದು, ಕೈಯಲ್ಲೊಂದು ಬಟ್ಟೆ ಹಿಡಿದು, ಒಳಗೆ ಬೆರಳಾಡಿಸುತ್ತಿದ್ದ. ಇನ್ನೇನು ಬೇಕು? ಇವನ ಮೈಯೆಲ್ಲ ಉರಿಯಿತು. ಆದರೂ ಕೇಳಲಿಲ್ಲ. ಕೇಳಿದರೆ ಆಸಾಮಿ ಹುಷಾರಾಗುತ್ತಾನೆ ಎಂಬ ಲೆಕ್ಕಾಚಾರ. ಬಾಗಿಲಲ್ಲಿ ಎದುರಾದಾಗ ಸಂಜೆಯವನು ಏನೋ ಹೇಳಲು ಬಂದ, ಇವನು ಮುಖ ತಿರುಗಿಸಿಕೊಂಡು ಹೋದ.

ಅಂದಿನಿಂದ ಇವನದು ಒಂದೇ ನೇಮ. ಅವನು ಸಂಜೆ ಸವರಿದ್ದನ್ನು ನಾನು ಬೆಳಿಗ್ಗೆ ತೆಗೆಯುತ್ತೇನೆ ಎಂದು ದಿನವೂ ಉಜ್ಜಿದ. ತನ್ನ ಜಾಣತನಕ್ಕೆ ತಾನೇ ಬೀಗಿದ. ರಬ್ಬರು ಸವೆಯುತ್ತ ಹೋಯಿತು. ಮೇಲಿನ ಚಕ್ರಕ್ಕೆ ಚೆಂಡು ಸರಿಯಾಗಿ ಸಿಗದಾಯಿತು. ಚೆಂಡು ತಿರುಗಿಲ್ಲದೆ, ಸುಸ್ತಾದಂತೆ ತೇಲಿ ಬರುತ್ತಿತ್ತು. ಇವನು ಒಂದು ಹೆಜ್ಜೆ ಮುಂದೆ ಬಂದು, ಬ್ಯಾಟು ಅಂಗಾತ ಮಾಡಿ, ಎತ್ತಿ ಹೊಡೆಯುವುದನ್ನು ರೂಢಿಸಿಕೊಂಡ. ಹತ್ತು ಹನ್ನೆರಡು ದಿನದಲ್ಲಿ ಕೈಗೆ ಅದೇ ಸರಿಯೆನಿಸಿತು.

ಆಯ್ಕೆಯ ದಿನ ಕೊನೆಗೆ ಉಳಿದವರು ಅವರಿಬ್ಬರೇ. ಸಂಜೆಯವನ ಚೆಂಡು ತುಂಬು ತಿರುಗಿನಿಂದ ಬಂದು ಮೇಜಿನ ಅಂಚಿಗೆ ಬಿದ್ದು ಚಿಮ್ಮಿತು. ಇವನ ಕೈ ತನಗೆ ಗೊತ್ತಿದ್ದ ಹಾಗೆ ಎತ್ತಿ ಹೊಡೆಯಿತು. ತಿರುಗಿದ್ದ ಚೆಂಡು ಇನ್ನೂ ಮೇಲೆದ್ದು ಮೇಜು ದಾಟಿ ಗೋಡೆಗೆ ಹೋಯಿತು. ಮುಂದಿನದೂ ಹಾಗೆಯೇ. ತಪ್ಪು ಎಲ್ಲಿ ಎಂದು ಅವನಿಗೆ ತಿಳಿಯಿತು, ಆದರೆ ಕೈ ಮಾತು ಕೇಳಲಿಲ್ಲ. ಮೂರು ಸುತ್ತು ಸಾಲಾಗಿ ಸೋತ. ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಹೊರಗೆ ಬಂತು.

"ಯಂತ್ರಕ್ಕೆ ಏನು ಸವರ್ತಿದ್ದೆ? ನಾನೇ ಕಣ್ಣಾರೆ ನೋಡಿದೀನಿ" ಎಂದು ಸಂಜೆಯವನನ್ನು ತಡೆದು ಕೇಳಿದ.

"ಸವರೋದಾ? ಚಕ್ರದ ತುಂಬ ಚೆಂಡಿನ ಪುಡಿ ಮೆತ್ತಿರ್ತಿತ್ತು ಮಾರಾಯ. ಒದ್ದೆ ಬಟ್ಟೇಲಿ ಒರೆಸ್ತಿದ್ದೆ. ಚೆಂಡು ತೊಳೆದು ಹಾಕು ಅಂತ ನಿಂಗೆ ಹೇಳೋಕೆ ಬಂದ್ರೆ ಮುಖ ತಿರುಗಿಸ್ಕೊಂಡು ಹೋದೆ. ಆಮೇಲೆ ಚಕ್ರಾನೇ ಸವೆದು ಹೋಯ್ತು. ಇದು ಯಾಕೋ ಸರಿಯಿಲ್ಲ ಅಂತ ನಾನು ಯಂತ್ರ ಬಿಟ್ಟು ನಮ್ಮಣ್ಣನ ಜೊತೆ ಆಡ್ಕೊಂಡೆ."

ಮಾಸ್ತರರು ಅಲ್ಲಿಗೆ ನಿಲ್ಲಿಸಿದರು. ಸುಚೇತಾಗೆ ಸಮಾಧಾನವಾಗಲಿಲ್ಲ. ಹುಬ್ಬು ಗಂಟಿಕ್ಕಿಯೇ ಇತ್ತು.

"ಅವನು ಒರೆಸ್ತಿದ್ದ ಅನ್ನೋದಕ್ಕೆ ಅವನ ಮಾತು ಬಿಟ್ಟರೆ ಬೇರೆ ಏನಿದೆ ಮಾಸ್ತರೇ? ನಿಜವಾಗಿಯೂ ಏನೋ ಸವರಿರಬಹುದಲ್ಲ?"

"ಸವರಿದ ಅಂತಲೇ ಇಟ್ಟುಕೋ ತಾಯಿ; ಆದರೂ ಚಕ್ರ ಸವೆಸಿದ ಕೈ ಯಾರದು?"