ಬುಟ್ಟಿ ಶೇಂಗಾ ಬಿಡಿಸುವ ತನಕ

ತುಂಗಭದ್ರೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಅಡವೆಪ್ಪಜ್ಜ ಗುರು, ಗವಿಸಿದ್ಧ ಶಿಷ್ಯ. ಇಬ್ಬರಿಗೂ ಸೇರಿ ಒಂದು ಹಳೆಯ ಮೋಟಾರ್ ಸೈಕಲ್.

ಆಶ್ರಮಕ್ಕೆ ಒಂದು ವಾಡಿಕೆ ಇತ್ತು. ಪ್ರತಿ ಕಾರ್ತಿಕದಲ್ಲಿ ಆಶ್ರಮದ ಒಬ್ಬರು ಸೂರ್ಯ ಹುಟ್ಟುವಾಗ ಹೊಳೆಯ ನೀರನ್ನು ತಾಮ್ರದ ತಂಬಿಗೆಯಲ್ಲಿ ತುಂಬಿ, ಎದೆಗೆ ಕಟ್ಟಿಕೊಂಡು ಹೊರಡಬೇಕು. ಹೊತ್ತು ಮುಳುಗುವುದರೊಳಗೆ ಬೀದರ್ ಕಡೆಯ ಗುಡ್ಡದ ಮಠ ಮುಟ್ಟಬೇಕು. ಆ ನೀರಿನಿಂದ ದೀಪದ ಕಂಬ ತೊಳೆದು, ನೀರು ತಂದವರೇ ದೀಪ ಹಚ್ಚಬೇಕು. ಮಂಡಿ ಸೋಲುವವರೆಗೆ ಅಜ್ಜನೇ ಒಯ್ಯುತ್ತಿದ್ದರು.

ಹೋದ ವರ್ಷ ಗವಿಸಿದ್ಧ ಆ ಮೋಟಾರ್ ಸೈಕಲ್ ಮೇಲೆ ನೀರು ಹೊತ್ತು ಹೊರಟ. ಜೇವರ್ಗಿ ಹತ್ತಿರ ಸೊಂಟ ಹಿಡಿಯಿತು. ಬೇವಿನ ಮರದ ಕೆಳಗೆ ಮಲಗಿದವನಿಗೆ ಏಳಲಾಗಲಿಲ್ಲ. ಯಾರೋ ಪುಣ್ಯಾತ್ಮರು ಅವನನ್ನೂ ಗಾಡಿಯನ್ನೂ ತಂಬಿಗೆಯನ್ನೂ ಟೆಂಪೋದಲ್ಲಿ ಹಾಕಿಕೊಂಡು ಹೋದರು. ಮುಟ್ಟಿದಾಗ ಕತ್ತಲಾಗಿತ್ತು. ಕಂಬ ತೊಳೆಯದೆಯೇ ಬೇರೆಯವರು ದೀಪ ಹಚ್ಚಿಬಿಟ್ಟಿದ್ದರು.

ಅಜ್ಜ ಬೈಯಲಿಲ್ಲ. ಅದೇ ಗವಿಸಿದ್ಧನನ್ನು ವರ್ಷವಿಡೀ ಸುಟ್ಟಿತು. ನಾಲ್ಕು ಮಾತು ಬೈದಿದ್ದರೆ ವಾರದಲ್ಲಿ ಮರೆತು ಹಾಯಾಗಿರುತ್ತಿದ್ದ.

ಈ ಸಲವೂ ತಾನೇ ಒಯ್ಯುತ್ತೇನೆಂದು ಹಟ ಹಿಡಿದ.

"ಮತ್ತ ತಪ್ಪಿತಂದ್ರ?" ಅಜ್ಜ ಕೇಳಿದರು.

"ಇನ್ನ ಜನ್ಮದಾಗ ಕೇಳಂಗಿಲ್ರಿ ಅಜ್ಜಾರ. ಮುಂದ ಯಾರರ ಕಾರಿನಾಗ ಒಯ್ಯಲಿ."

"ಆತು."

ಗವಿಸಿದ್ಧ ಬೈಕನ್ನು ಹುಬ್ಬಳ್ಳಿಗೆ ಒಯ್ದ. ವಾಪಸ್ ಬಂದಾಗ ಆಶ್ರಮದ ನಾಯಿಯೇ ಗುರುತು ಸಿಗದೆ ಬೊಗಳಿತು. ಮುಂದೆ ಗಾಳಿ ತಡೆಯಲು ಎತ್ತರದ ಪ್ಲಾಸ್ಟಿಕ್ ಗಾಜು. ಉದ್ದಗಲದ ಹೊಸ ಹ್ಯಾಂಡಲ್. ನಡುವೆ ಮದುವೆ ಮಂಟಪದ ಸೋಫಾದಂಥ ಸೀಟು. ಒತ್ತಿದರೆ ಬೆರಳು ಮುಳುಗುತ್ತಿತ್ತು.

"ಹ್ಯಾಂಗೈತ್ರಿ?" ಎದೆಯುಬ್ಬಿಸಿ ಕೇಳಿದ.

ಅಜ್ಜ ಶೇಂಗಾದ ಬುಟ್ಟಿ ಎಳೆದುಕೊಂಡು ಕಟ್ಟೆಯ ಮೇಲೆ ಕುಳಿತರು.

"ಸ್ಟ್ಯಾಂಡ್ ಹಾಕಿ ಅದರ ಮ್ಯಾಲೆ ಕುಂದ್ರು."

"ಎಲ್ಲಿಗೆ ಹೋಗೋದ್ರಿ?"

"ಎಲ್ಲಿಗೂ ಇಲ್ಲ. ಈ ಬುಟ್ಟಿ ಶೇಂಗಾ ಬಿಡಿಸೋ ತನಕ ಕುಂದ್ರು."

ಗವಿಸಿದ್ಧ ಮಹಾರಾಜನಂತೆ ಕುಳಿತ. ಅಜ್ಜ ಒಂದೊಂದೇ ಕಾಯಿ ಒಡೆಯತೊಡಗಿದರು. ಅವರಿಗೆ ಅವಸರವೆಂಬುದೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಮಹಾರಾಜ ಎಡಕ್ಕೆ ಸರಿದ. ಆಮೇಲೆ ಬಲಕ್ಕೆ ಸರಿದ. ಬುಟ್ಟಿ ಅರ್ಧವಾಗುವುದರೊಳಗೆ ಎದ್ದೇ ನಿಂತ.

"ಯಾಕಪ್ಪ, ಇರುವಿ ಕಡದ್ವೇನು?"

"ಇಲ್ರಿ. ಮ್ಯಾಲೆ ಮೆತ್ತಗೈತಿ. ಕುಂತಂಗ ಕುಂತಂಗ ಒಳಗಿನ ಹಲಗಿ ಒತ್ತಾಕತ್ತೈತಿ."

"ಹೊಸಬರು ಧ್ಯಾನಕ್ಕ ದಿಂಬು ಹಿಡ್ಕೊಂಡು ಬರ್ತಾರಲ್ಲ, ಅವರಿಗೆ ನೀ ಏನಂತಿ?"

ಗವಿಸಿದ್ಧನ ಮುಖ ಸಣ್ಣದಾಯಿತು. ಬೆಳಗಿನ ಧ್ಯಾನಕ್ಕೆ ಹೊಸಬರನ್ನು ಕೂರಿಸುವ ಕೆಲಸ ಅವನದೇ. ಅವರ ದಿಂಬು ಕಿತ್ತಿಟ್ಟು, ಬಿಗಿಯಾಗಿ ಮಡಿಸಿದ ಕಂಬಳಿ ಹಾಕಿ ಕೊಡುವವನೂ ಅವನೇ. ದಿನಾ ಹೇಳುವ ಮಾತು ಹುಬ್ಬಳ್ಳಿಯ ಅಂಗಡಿಯಲ್ಲಿ ಅವನಿಗೇ ನೆನಪಾಗಿರಲಿಲ್ಲ.

"ದಿಂಬು ಮಲಗಾಕ, ಕುಂದ್ರಾಕ ಅಲ್ಲ ಅಂತೀನ್ರಿ."

"ಮತ್ತ ಈ ಸಲನೂ ಮಲಗೋ ವಿಚಾರ ಐತೇನು?"

ಮರುದಿನವೇ ಗವಿಸಿದ್ಧ ಸೀಟು ಬಿಚ್ಚಿಸಿದ. ಮೆತ್ತನೆಯ ಸ್ಪಂಜು ಹೋಗಿ ಗಟ್ಟಿ ಸ್ಪಂಜು ಬಂತು, ಸೀಟಿನ ಹಿಂಭಾಗ ಅಗಲವಾಯಿತು, ಮೇಲೊಂದು ಕಂಬಳಿಯ ಹೊದಿಕೆ ಬಿತ್ತು. ನೋಡಲು ಏನೂ ಚೆಂದವಿರಲಿಲ್ಲ. ಅಜ್ಜ ಮತ್ತೆ ಬುಟ್ಟಿ ತಂದರು. ಬುಟ್ಟಿ ಖಾಲಿಯಾದರೂ ಅವನು ಅಲುಗಲಿಲ್ಲ.

"ಈಗ ಕಣ್ಣು ಮುಚ್ಚು. ಕೈ ಜಾಡಿಸು. ಯಾರರ ಕೂಸು ಕೊಟ್ರ ಇಸ್ಕೊಳ್ಳೋರಂಗ ಮುಂದ ಚಾಚು."

ಚಾಚಿದ.

"ಕಣ್ಣು ತಗಿ."

ಕೈಗಳು ಗಾಳಿಯಲ್ಲಿದ್ದವು. ಹ್ಯಾಂಡಲ್ ಇನ್ನೂ ಮುಂದೆ, ಇನ್ನೂ ಕೆಳಗೆ ಇತ್ತು.

"ಕೂಸು ಅಷ್ಟು ದೂರ ಇದ್ರ ಯಾವ ಸೊಂಟ ಉಳೀತೈತಪ್ಪ?" ಎಂದರು ಅಜ್ಜ.

ಮೆಕ್ಯಾನಿಕ್ ಹ್ಯಾಂಡಲನ್ನು ಎತ್ತರಿಸಿ ಹಿಂದಕ್ಕೆ ತಂದ. ಗವಿಸಿದ್ಧ ಗಂಗಾವತಿವರೆಗೆ ಒಂದು ಸುತ್ತು ಹೊಡೆದು ಬಂದ. ಸೊಂಟ ಆರಾಮವಿತ್ತು. ತಲೆ ಮಾತ್ರ ಗಿಂವ್ ಎನ್ನುತ್ತಿತ್ತು.

"ಇಷ್ಟು ದೊಡ್ಡ ಗಾಜು ಹಾಕ್ಸೀನ್ರಿ. ಆದ್ರೂ ಗಾಳಿ ತಲಿ ಸುತ್ತನ ಕುಣೀತೈತಿ."

ಅಜ್ಜ ಅವನನ್ನು ಹೊಳೆಗೆ ಕರೆದೊಯ್ದರು. ಎತ್ತರದ ಒಂದು ಬಂಡೆಯ ಹಿಂದೆ ನೀರು ಗಿರಗಿರ ಸುಳಿಯುತ್ತಿತ್ತು. ಪಕ್ಕದ ಗಿಡ್ಡ ಬಂಡೆಯ ಮೇಲೆ ಸದ್ದಿಲ್ಲದೆ ಜಾರಿ ಹೋಗುತ್ತಿತ್ತು.

ಗವಿಸಿದ್ಧ ಎರಡನ್ನೂ ಬಹಳ ಹೊತ್ತು ನೋಡಿದ. ಸಂಜೆ ಗರಗಸ ತಂದು ಗಾಜನ್ನು ಒಂದು ಗೇಣು ತಾನೇ ಕೊಯ್ದ. ಕೊಯ್ದ ಅಂಚನ್ನು ಕಲ್ಲಿನಿಂದ ಉಜ್ಜಿ ನಯ ಮಾಡಿದ. ಮರುದಿನ ಓಡಿಸಿದಾಗ ಗಾಳಿ ಅವನ ಹೆಗಲ ಮೇಲೆ ತಣ್ಣಗೆ ಹಾದು ಹೋಯಿತು.

"ಈಗ ಗಾಡಿ ಸರಿ ಆತೇನ್ರಿ ಅಜ್ಜಾರ?"

"ಗುಡ್ಡದಾಗ ಸಿಗು. ಆಗ ನಾನ ನಿನ್ನ ಕೇಳ್ತೀನಿ."

ನೀರು ಒಯ್ಯುವ ಹಿಂದಿನ ದಿನವೇ ಅಜ್ಜ ಗುಡ್ಡದ ಮಠಕ್ಕೆ ಬಸ್ಸು ಹತ್ತಿದರು.

ಸೂರ್ಯ ಹುಟ್ಟಿದ. ಗವಿಸಿದ್ಧ ತಂಬಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಎದೆಗೆ ಬಿಗಿದುಕೊಂಡು ಹೊರಟ. ಭತ್ತದ ಗದ್ದೆಗಳು ಮುಗಿದವು, ಕಪ್ಪು ನೆಲ ಬಂತು. ಕೃಷ್ಣೆಯ ಸೇತುವೆ ದಾಟಿದ. ಅಲ್ಲಲ್ಲಿ ನಿಲ್ಲಿಸಿ ಕೈಕಾಲು ಜಾಡಿಸಿದ, ನೀರು ಕುಡಿದ, ಮತ್ತೆ ಹತ್ತಿದ.

ಜೇವರ್ಗಿಯ ಆ ಬೇವಿನ ಮರ ಬಂತು. ಉದ್ದಕ್ಕೆ ಹಾರ್ನ್ ಹೊಡೆದು ದಾಟಿಯೇಬಿಟ್ಟ. ಮರದ ಕೆಳಗಿದ್ದ ಕುರಿಗಳು ದಿಕ್ಕಾಪಾಲಾದವು, ಕುರುಬ ಬೈದ. ಆ ಬೈಗುಳವೂ ಅವನಿಗೆ ಹರಸಿದಂತೆ ಕೇಳಿತು.

ಗುಡ್ಡದ ಬುಡ ಮುಟ್ಟಿದಾಗ ಸೂರ್ಯ ಇನ್ನೂ ಮಾರುದ್ದ ಮೇಲಿದ್ದ. ಮಠದ ಜನ ಹೋ ಎಂದು ಕೂಗಿದರು. ಗವಿಸಿದ್ಧ ಗಾಡಿಯಿಂದ ಜಿಗಿದು ಮೆಟ್ಟಿಲುಗಳನ್ನು ಓಡಿಯೇ ಹತ್ತಿದ. ಬಟ್ಟೆ ಬಿಚ್ಚಿ, ತುಂಬಿದ ತಂಬಿಗೆಯಿಂದ ಕಂಬ ತೊಳೆದ. ನೀರು ಕಲ್ಲಿನ ಮೇಲೆ ಫಳಫಳ ಇಳಿಯಿತು.

ಅಜ್ಜ ಹತ್ತಿರ ಬಂದರು.

"ಸೀಟು ಹ್ಯಾಂಗಿತ್ತು?"

"ಕೃಷ್ಣಾ ಹೊಳಿ ದಂಡಿಗೆ ದಂಡಿ ತುಂಬೈತ್ರಿ ಅಜ್ಜಾರ! ಶಹಾಪುರದ ಗುಡ್ಡ ನೋಡಿದ್ನಿ, ಥೇಟ್ ಮನಿಶ್ಯಾ ಮಲಗಿದಂಗ ಐತಿ. ಕಲಬುರ್ಗಿ ದಾಟಿದ ಮ್ಯಾಲೆ ತೊಗರಿ ಹೂ ಬಿಟ್ಟೈತಿ, ಕಣ್ಣು ಹೋದಲ್ಲೆಲ್ಲ ಹಳದಿ..."

"ನಾ ಸೀಟು ಕೇಳಿದ್ನೆಪ್ಪ."

ಗವಿಸಿದ್ಧ ಕೆಳಗೆ ನಿಂತ ಗಾಡಿಯತ್ತ ತಿರುಗಿ ನೋಡಿದ.

"ಸೀಟು... ಅದು ನೆನಪ ಆಗಲಿಲ್ರಿ."

ಅಜ್ಜ ಉಳಿದಿದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಕಡ್ಡಿಪೆಟ್ಟಿಗೆಯನ್ನು ಶಿಷ್ಯನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಹೋದ ವರ್ಷ ಸೊಂಟ ಹೊತ್ಕೊಂಡು ಬಂದಿದ್ದಿ. ಈ ವರ್ಷ ನೀರು ತಂದಿ. ಹಚ್ಚು ದೀಪ."