ಗಾಡಿ ನಿಂತ ಊರು

"ಮದರ್, ಊರೇ ಇಲ್ಲದವರಿಗೆ ಸ್ವಾಮಿ ಯಾರು?" ಎಂದು ಹೊಸದಾಗಿ ಗುರುದೀಕ್ಷೆ ಪಡೆದು ಚರ್ಚಿನ ಸ್ವಾಮಿಯಾದ ಯುವಕ ಕೇಳಿದ.

ಆ ಬೆಳಿಗ್ಗೆ ಅಲೆಮಾರಿ ದಂಪತಿ ಸೊರಗಿದ ಕೂಸೊಂದನ್ನು ಎತ್ತಿಕೊಂಡು, ಜ್ಞಾನಸ್ನಾನ ಕೊಡಿಸಲು ಅವನ ಚರ್ಚಿಗೆ ಬಂದಿದ್ದರು. ಊರು ಯಾವುದೆಂದರೆ ಊರಿಲ್ಲ ಎಂದಿದ್ದರು. ಆದರೂ ಅವನು ನಿಮ್ಮೂರಿನ ಸ್ವಾಮಿಗಳ ಹತ್ತಿರ ಹೋಗಿ ಎಂದು ಕಳಿಸಿಬಿಟ್ಟಿದ್ದ. ಆಮೇಲೆ ಧರ್ಮಸಭೆಯ ಕಾನೂನಿನ ಪುಸ್ತಕದಲ್ಲಿ ಅಂಥವರಿಗೆ 'ವಾಗುಸ್' ಎಂಬ ಹೆಸರು ಕಂಡು, ಅರ್ಥ ಕೇಳಲು ಬಂದಿದ್ದ.

ಹಲವು ದೇಶ ಸುತ್ತಿ ಧರ್ಮಸಭೆಯ ಕಾನೂನು ಕಲಿಸಿದ್ದ ಮುದಿ ಮದರ್ ಹಣೆ ಒತ್ತಿಕೊಂಡರು.

"ಕಳಿಸಿದ ಮೇಲೆ ಪುಸ್ತಕ ತೆರೆದಿರೋ? ಭೇಷ್. ಲ್ಯಾಟಿನ್ನಿನಲ್ಲಿ ವಾಗುಸ್ ಅಂದರೆ ಅಲೆಯುವವನು, ಅಷ್ಟೆ. ಧರ್ಮಸಭೆ ಆ ಪದವನ್ನು ಎತ್ತಿಕೊಂಡು ನೆಲೆಯಿಲ್ಲದವನಿಗೆ ಇಟ್ಟಿತು. ಉಳಿದದ್ದಕ್ಕೆ ಪುಸ್ತಕ ಬೇಡ, ಈ ಕತೆ ಸಾಕು."

ಒಬ್ಬ ಹೆಂಗಸು ದಾರಿ ತಪ್ಪಿ, ಕವಲಿನಲ್ಲಿ ಎತ್ತಿನಗಾಡಿ ನಿಲ್ಲಿಸಿಕೊಂಡು, "ಅಣ್ಣಾ, ಚರ್ಚು ಯಾವ ಕಡೆ?" ಎಂದು ಕೇಳುತ್ತಿದ್ದಳು. ಊರೂರು ತಿರುಗಿ, ಸವೆದ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಕೊಡುವುದು ಅವಳ ಕೆಲಸ. ಗಾಡಿಯಲ್ಲಿ ಗಂಡನ ಹೆಣ, ಹೆಣದ ಕೈಯಲ್ಲಿ ಜಪಮಾಲೆ. ಅವನು ಹುಟ್ಟಿದ್ದೂ ಗಾಡಿಯಲ್ಲೇ.

ಮೊದಲ ಊರಿನ ಸ್ವಾಮಿ, "ಯಾವೂರಮ್ಮ?" ಎಂದರು. ಊರಿಲ್ಲ ಎಂದಳು. ಊರಿಲ್ಲದವರು ಉಂಟೇ ಎಂದು ನಕ್ಕು, ಹೊಳೆಯಾಚೆಗೆ ಕಳಿಸಿದರು. ಹೊಳೆಯಾಚೆಯ ಸ್ವಾಮಿ ಹೊಳೆಯೀಚೆಗೆ ಕೈ ತೋರಿಸಿದರು. ಎರಡು ಹಗಲು ಕಳೆದವು. ಎತ್ತುಗಳೂ ಮೂಗು ತಿರುಗಿಸತೊಡಗಿದವು.

ಮೂರನೆಯ ಊರಿನ ಸಮಾಧಿಭೂಮಿಯ ಬಾಗಿಲಲ್ಲಿ ಗುಂಡಿ ತೋಡುವವನು ಕೂತಿದ್ದ. ಅವನೂ "ಯಾವೂರು?" ಎಂದ.

"ನೀನೂ ಶುರು ಮಾಡಿದೆಯಾ!" ಅವಳು ಉಳಿಯನ್ನು ನೆಲಕ್ಕೆ ಬಿಸಾಡಿದಳು.

"ಸಿಟ್ಟಾಗಬೇಡ ತಾಯಿ. ಗಾಡಿ ಈಗ ಎಲ್ಲಿದೆ?"

"ಕಣ್ಣು ಕಾಣದೇನಪ್ಪಾ? ನಿನ್ನ ಬಾಗಿಲಲ್ಲಿ."

"ಹಾಗಾದರೆ ಈ ಊರವನೇ. ಇಳಿಸು, ನಾನೊಂದು ಕಡೆ ಹಿಡಿಯುತ್ತೇನೆ."

ಆ ಊರಿನ ಸ್ವಾಮಿ ಬರುವಷ್ಟರಲ್ಲಿ ಗುಂಡಿ ಸಿದ್ಧವಿತ್ತು. ಕೇಳಲು ಅವರಿಗೇನೂ ಉಳಿದಿರಲಿಲ್ಲ. ಪ್ರಾರ್ಥನೆ ಹೇಳಿದರು.

ಮಣ್ಣು ಮುಚ್ಚಿದ ಮೇಲೂ ಹೆಂಗಸು ಹೊರಡಲಿಲ್ಲ. "ಋಣ ಹೊತ್ತುಕೊಂಡು ಗಾಡಿ ಹತ್ತಲಾರೆ" ಎಂದು, ಗುಂಡಿ ತೋಡುವವನ ಮನೆಯ ಬೀಸುಕಲ್ಲು ಮಗುಚಿ ಕೂತಳು. ಸಂಜೆಯೊಳಗೆ ಸವೆದ ಕಲ್ಲು ಹಿಟ್ಟು ಬೀಸುವಂತಾಯಿತು. ಹಿಡಿ ರಾಗಿ ಹಾಕಿ ತಾನೇ ಬೀಸಿ ನೋಡಿದಳು. ಆಮೇಲೆ ಎತ್ತು ಹೂಡಿದಳು.

"ಹಾಗಾದರೆ ಕಾನೂನು ಏನನ್ನುತ್ತದೆ, ಮದರ್?" ಎಂದು ಯುವಕ ಕೇಳಿದ.

"ಗುಂಡಿ ತೋಡುವವನು ಅಂದದ್ದನ್ನೇ. ನೆಲೆಯಿಲ್ಲದವನು ಎಲ್ಲಿ ಬಂದು ನಿಂತಿದ್ದಾನೋ, ಅಲ್ಲಿಯ ಸ್ವಾಮಿಯೇ ಅವನ ಸ್ವಾಮಿ."

ಯುವಕ ತಲೆದೂಗಿ, ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳತೊಡಗಿದ. ಮದರ್ ಅವನ ಕೈಯಿಂದ ಪೆನ್ನು ಕಿತ್ತುಕೊಂಡರು.

"ಬರೆಯುವುದು ಆಮೇಲಾಗಲಿ ಸ್ವಾಮಿ, ಆ ಕೂಸು ಈಗ ಎಲ್ಲಿದೆ?"